ಒಪ್ಪತ್ತಿನ ಸೋಮವಾರ ನಡೆಸಿದ ನಡಿಗೆ ಪರೀಕ್ಷೆ

ಶ್ರಾವಣದ ಮೂರನೆಯ ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಕಮಲಾಪುರದ ಸಮುದಾಯ ಭವನದ ಮುಂದಿನ ಬಯಲು. ಹಾಜರಿದ್ದವರು ನಾನು, ನನ್ನ ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿಯಿಂದ ನಮ್ಮನ್ನು ಕರೆತಂದ ಕಾರಿನ ಚಾಲಕ, ಮತ್ತು ಊರಿನ ಹತ್ತು ಹನ್ನೆರಡು ಹೆಂಗಸರು. ಹೆಂಗಸರೆಲ್ಲ ಐವತ್ತು ದಾಟಿದವರು, ಮುಟ್ಟು ನಿಂತವರು, ಬಾಳೆತೋಟದಲ್ಲಿ, ತೊಗರಿ ಹೊಲದಲ್ಲಿ ದುಡಿಯುವವರು.

ವಿದ್ಯಾರ್ಥಿನಿ ಎಂದರೆ ಚಿಕ್ಕ ಹುಡುಗಿಯಲ್ಲ. ತಾಜಸುಲ್ತಾನಪುರದ ಸೊಸೆ, ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ, ಎರಡು ಮಕ್ಕಳ ತಾಯಿ. ನಾನು ನಿವೃತ್ತಳಾದ ಮೇಲೂ ನನ್ನ ಕೈಯಲ್ಲಿ ಉಳಿದ ಕೊನೆಯ ಸಂಶೋಧನೆ ಅವಳದು. ಈ ವಯಸ್ಸಿನ ದುಡಿಯುವ ಹೆಂಗಸರು ದಿನಾಲು ಬಿರುಸಾಗಿ ನಡೆದರೆ ಅವರ ಉಸಿರು, ಎದೆಬಡಿತ, ರಕ್ತದ ಸಕ್ಕರೆ ಹೇಗೆ ಬದಲಾಗುತ್ತವೆ ಎಂಬುದು ವಿಷಯ. ಆ ದಿನ ನಡಿಗೆ ಪರೀಕ್ಷೆ ಇತ್ತು. ಬಯಲಿನ ಎರಡೂ ತುದಿಗೆ ಕೆಂಪು ಪ್ಲಾಸ್ಟಿಕ್ ಗುರುತು ಇಡುತ್ತೇವೆ. ಎದೆಗೆ ಬಡಿತ ಅಳೆಯುವ ಪಟ್ಟಿ ಕಟ್ಟಿಕೊಂಡು, ಓಡದೆ, ಸಾಧ್ಯವಾದಷ್ಟು ಬೇಗ ಅತ್ತಿಂದಿತ್ತ ನಡೆಯಬೇಕು. ನೋಡುವವರಿಗೆ ಆಟ. ನಡೆಯುವವರಿಗೆ ಆಟವಲ್ಲ.

ಸೋಮವಾರವನ್ನು ಆರಿಸಿದವಳು ವಿದ್ಯಾರ್ಥಿನಿ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಹೊಲದ ಕೆಲಸ ನಿಂತಿರುತ್ತದೆ, ಹೆಂಗಸರು ಕೈಗೆ ಸಿಗುತ್ತಾರೆ. ಅಷ್ಟರ ಮಟ್ಟಿಗೆ ಅವಳ ಲೆಕ್ಕ ಸರಿ. ಆದರೆ ಶ್ರಾವಣದ ಸೋಮವಾರ ಅರ್ಧ ಊರು ಒಪ್ಪತ್ತು ಇರುತ್ತದೆ. ದಿನಕ್ಕೆ ಒಂದೇ ಊಟ, ಅದೂ ಸಂಜೆಯ ಪೂಜೆಯ ನಂತರ. ಹಿಂದಿನ ದಿನ ಫೋನಿನಲ್ಲಿ ಇದನ್ನು ನೆನಪಿಸಿ, ಹೊಟ್ಟೆಗೆ ಇಲ್ಲದವರನ್ನು ನಡೆಸಬಾರದು ಎಂದು ಹೇಳಿದ್ದೆ. "ಒಬ್ಬೊಬ್ಬರ್ನ ಕೇಳ್ತೀನ್ರಿ ಮೇಡಂ," ಎಂದಿದ್ದಳು.

ಕೇಳಿದಳು ಕೂಡ. ನಾನು ಎದೆಯ ಪಟ್ಟಿಗಳು ಮೈಗೆ ಚೆನ್ನಾಗಿ ಹತ್ತಲೆಂದು ಒದ್ದೆ ಮಾಡುತ್ತ ಕೂತಿದ್ದೆ, ಕಿವಿಗೆ ಬೀಳುತ್ತಿತ್ತು.

"ಯವ್ವಾ, ನಾಷ್ಟಾ ಆತೇನ್ರಿ?"

"ಆತ್ರೀ."

"ನಿಮ್ದ್ರೀ?"

"ನಮ್ದೂ ಆತ್ರೀ. ನಿಮ್ದು?"

ಹೀಗೆ ಸಾಲು ಮುಗಿಯಿತು. ನಮ್ಮ ಸೀಮೆಯಲ್ಲಿ ಊಟವಾಯಿತೇ ಎಂದು ಕೇಳಿದರೆ ಆಯಿತು ಎನ್ನುವುದೇ ಉತ್ತರ. ಇಲ್ಲ ಎಂದರೆ ಕೇಳಿದವರು ಎದ್ದು ಉಣಿಸಬೇಕಾಗುತ್ತದೆ. ಆ ತೊಂದರೆ ಕೊಡಬಾರದೆಂದು ಹಸಿದವರೂ ಆಯಿತು ಎನ್ನುತ್ತಾರೆ. ಅದು ನಮಸ್ಕಾರಕ್ಕೆ ಪ್ರತಿನಮಸ್ಕಾರ ಇದ್ದ ಹಾಗೆ. ಏನು ತಿಂದಿರಿ, ಯಾವಾಗ ತಿಂದಿರಿ ಎಂದು ಕೇಳಬೇಕಿತ್ತು. ಅವಳೂ ಕೇಳಲಿಲ್ಲ, ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದ ನಾನೂ ತಡೆದು ಹೇಳಲಿಲ್ಲ.

ಪರೀಕ್ಷೆ ಶುರುವಾಯಿತು. ಮೊದಲ ಇಬ್ಬರು ನಗುತ್ತ ನಡೆದು ಮುಗಿಸಿದರು. ಮೂರನೆಯವಳು ಎತ್ತರದ, ಬಿಗಿ ಮೈಕಟ್ಟಿನ ಹೆಂಗಸು. ಊರೆಲ್ಲ ಆಕೆಯನ್ನು ದೊಡ್ಡಕ್ಕ ಎನ್ನುತ್ತಿತ್ತು, ನಾನೂ ಹಾಗೇ ಬರೆಯುತ್ತೇನೆ. ಆಕೆಗೆ ಸಕ್ಕರೆ ಕಾಯಿಲೆಯಿದೆ, ದಿನಾ ಬೆಳಿಗ್ಗೆ ಗುಳಿಗೆ ತೆಗೆದುಕೊಳ್ಳುತ್ತಾಳೆ ಎಂಬುದು ನಮಗೆ ಗೊತ್ತಿತ್ತು. ಬದಿಯಲ್ಲಿ ಆಕೆಯ ನೆಗೆಣ್ಣಿ, ಎಂದರೆ ಮೈದುನನ ಹೆಂಡತಿ, ಸೆರಗು ಸೊಂಟಕ್ಕೆ ಸಿಗಿಸಿ ನಿಂತಿದ್ದಳು.

"ಯಕ್ಕಾ, ನಡಿ ಜಲ್ದಿ, ಬಸ್ ಬಿಡ್ಲಾಕತ್ತದ!"

"ನೀ ಬಾಯಿ ಮುಚ್ಚು. ನಿನ್ನ ಪಾಳಿ ಬಂದಾಗ ನೋಡ್ತೀನಿ."

ದೊಡ್ಡಕ್ಕ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ನಡೆದಳು. ಚೆನ್ನಾಗಿ ನಡೆದಳು. ಬಾಳೆಗೊನೆ ಹೊತ್ತು ಬದುವಿನ ಮೇಲೆ ಓಡಾಡಿದ ಕಾಲು ಅದು, ಹೆಜ್ಜೆ ಉದ್ದ, ತೋಳು ಸಡಿಲ. ಇಂಥ ನಡಿಗೆ ನೋಡಲಿಕ್ಕೆಂದೇ ನಾನು ಇಷ್ಟು ವರ್ಷ ಊರೂರು ತಿರುಗಿದ್ದು.

ಕಾಲೇಜಿನಲ್ಲಿ ವ್ಯಾಯಾಮದ ಶರೀರಶಾಸ್ತ್ರ ಕಲಿಸುವ ಈ ಕೆಲಸಕ್ಕೆ ನಾನು ಬಂದಾಗ ನಮ್ಮ ಪುಸ್ತಕಗಳ ಲೆಕ್ಕವೆಲ್ಲ ಗಂಡಸರ ಮೈಯಿಂದ ಬಂದದ್ದು, ಅದರಲ್ಲೂ ಓಡಿ ಆಡಿ ಬೆಳೆದ ತರುಣರದು. ಹೆಂಗಸರನ್ನು ಏಕೆ ಅಳೆದಿಲ್ಲ ಎಂದು ಕೇಳಿದರೆ, ಅವರ ಮೈ ತಿಂಗಳ ಉದ್ದಕ್ಕೂ ಬದಲಾಗುತ್ತದೆ, ಲೆಕ್ಕ ಕೆಡುತ್ತದೆ ಎಂಬ ಉತ್ತರ ಬರುತ್ತಿತ್ತು. ಬದಲಾಗುತ್ತದೆ ಎಂಬ ಕಾರಣಕ್ಕೇ ಅಳೆಯಬೇಕು ಎಂದೆ. ಸಂಶೋಧನಾ ಸಮಿತಿಯ ಹಿರಿಯರೊಬ್ಬರು ಪಕ್ಕದವರ ಕಡೆ ತಿರುಗಿ, "ಇವ್ರಿಗೆ ಮನ್ಯಾಗ ಕೆಲ್ಸ ಕಡಿಮಿ ಅದ ಕಾಣ್ತದ," ಎಂದರು. ಮುಂದೆ ಕಾಲೇಜಿಗೆ ನಿಂತಲ್ಲೇ ನಡೆಯುವ ಯಂತ್ರ, ಟ್ರೆಡ್‌ಮಿಲ್, ಬಂತು. ಅದನ್ನು ಹತ್ತಲು ಹೆಂಗಸರು ಬರಲಿಲ್ಲ. ಸೀರೆ ಬಿಡಬೇಕು, ಗಂಡಸರು ಓಡಾಡುವ ಕೋಣೆಯಲ್ಲಿ ಎದೆಗೆ ತಂತಿ ಅಂಟಿಸಿಕೊಳ್ಳಬೇಕು, ಯಾರು ಬರುತ್ತಾರೆ? ಯಂತ್ರಕ್ಕೆ ಬಟ್ಟೆ ಮುಚ್ಚಿ ನಾನೇ ಅವರಿದ್ದಲ್ಲಿಗೆ ಹೋಗತೊಡಗಿದೆ. ನಂದೂರಿನ ದಾಲ್ ಮಿಲ್ಲುಗಳ ಅಂಗಳದಲ್ಲಿ, ಹೊಲದ ಬದುವಿನಲ್ಲಿ, ನಲ್ಲಿಯ ಸರದಿಯಲ್ಲಿ ಸೀರೆ ಉಟ್ಟವರ ನಾಡಿ ಹಿಡಿದೆ. ಸೀರೆ ಉಟ್ಟು ನಡೆಯುವವಳ ಹೆಜ್ಜೆಯನ್ನು ಸೀರೆಯಲ್ಲೇ ಅಳೆಯಬೇಕು ಎಂಬುದು ನನ್ನ ನಿಯಮವಾಯಿತು. ಇನ್ನೊಂದು ನಿಯಮ, ನನ್ನ ಪರೀಕ್ಷೆಯಲ್ಲಿ ಯಾವ ಹೆಂಗಸಿಗೂ ಅಪಾಯವಾಗಬಾರದು. ಅವರು ನಮ್ಮ ಮಾತು ನಂಬಿ ಬರುತ್ತಾರೆ.

ದೊಡ್ಡಕ್ಕ ದೂರದ ಗುರುತಿನ ಹತ್ತಿರ ನಿಂತುಬಿಟ್ಟಳು. ತಿರುಗಲಿಲ್ಲ. ಗುರುತನ್ನು ಎತ್ತಿ ನೋಡಿದಳು, ಅದು ಏನೆಂದು ತಿಳಿಯದವಳಂತೆ ಪಕ್ಕಕ್ಕೆ ಎಸೆದಳು. ವಿದ್ಯಾರ್ಥಿನಿ ಹತ್ತಿರ ಓಡಿದಾಗ ಅವಳ ಕೈಯನ್ನು ಜೋರಾಗಿ ಜಾಡಿಸಿದಳು. ಬಾಯಲ್ಲಿ ಏನೋ ಗೊಣಗಾಟ, ಶಬ್ದವಿದೆ, ಮಾತಿಲ್ಲ. ಇಡೀ ಮೈ ನಡುಗುತ್ತಿತ್ತು.

"ಮೈಮ್ಯಾಗ ಬಂದಾಳ!" ಎಂದು ಒಬ್ಬ ಮುದುಕಿ ಕೈ ಮುಗಿದಳು. "ಸೋಮವಾರ ದಿನ ಬಂದಾಳ ನೋಡ್ರೇ. ಯಾರೂ ಮುಟ್ಟಬ್ಯಾಡ್ರಿ. ಬೇವಿನ ತಪ್ಪಲ ತರ್ರಿ."

"ಎಲ್ಲಿ ದೇವ್ರು ತಗೀಬೇ," ಎಂದಳು ನೆಗೆಣ್ಣಿ. ಅವಳ ಮುಖ ಬಿಳಿಚಿತ್ತು. "ನಮ್ಮಕ್ಕನ ಮೈಮ್ಯಾಗ ದೇವ್ರು ಬರಂಗಿಲ್ಲ. ಆಕಿ ಬೈಗುಳಕ್ಕ ದೇವ್ರೇ ಅಂಜತಾನ. ಅಕ್ಕೋರೇ, ಇದೇನೋ ಬ್ಯಾರೇನೇ ಅದ, ನೋಡ್ರಿ ಜರಾ!" ಎಂದು ನನ್ನ ಕಡೆ ತಿರುಗಿದಳು.

ನಾನು ಹತ್ತಿರ ಹೋಗಿ ಆಕೆಯ ಕುತ್ತಿಗೆ ಮುಟ್ಟಿದೆ. ಮೋಡದ ಬೆಳಗು, ತಂಗಾಳಿ ಇತ್ತು. ಆಕೆಯ ಕುತ್ತಿಗೆ ಮಾತ್ರ ತೊಯ್ದು ತಣ್ಣಗಾಗಿತ್ತು. ದುಡಿದವರ ಬೆವರು ಬಿಸಿ ಇರುತ್ತದೆ.

"ಮುಂಜಾನೆ ಏನ್ ತಿಂದಾಳ ಈಕಿ?" ಎಂದು ಕೇಳಿದೆ.

"ಏನೂ ಇಲ್ರೀ. ಒಪ್ಪತ್ತು."

"ಗುಳಗಿ?"

"ಗುಳಗಿ ತಗೊಂಡಾಳ್ರೀ. ಡಾಕ್ಟರ್ರು ಒಂದು ದಿನಾನೂ ಬಿಡಬ್ಯಾಡ ಅಂದಾರಲ್ರೀ, ಅದನ್ನ ಮಾತ್ರ ಬಿಡಂಗಿಲ್ಲ."

ನಿನ್ನೆ ರಾತ್ರಿಯಿಂದ ಹೊಟ್ಟೆಗಿಲ್ಲ. ಸಕ್ಕರೆ ಇಳಿಸುವ ಗುಳಿಗೆ ಒಳಗಿದೆ. ಅದರ ಮೇಲೆ ನಾವು ಬಿರುಸಾಗಿ ನಡೆಸಿದ್ದೇವೆ. ಬೆರಳು ಚುಚ್ಚಿ ನೋಡಿದೆ. ಸಕ್ಕರೆ ಇರಬೇಕಾದ್ದಕ್ಕಿಂತ ಬಹಳ ಕೆಳಗಿತ್ತು. ಇನ್ನು ಸ್ವಲ್ಪ ಇಳಿದರೆ ಪ್ರಜ್ಞೆ ತಪ್ಪುತ್ತದೆ, ಆಮೇಲೆ ಬಾಯಿಗೆ ಏನೂ ಹಾಕುವಂತಿಲ್ಲ.

ಆಕೆಯನ್ನು ನೆಲಕ್ಕೆ ಕೂರಿಸಿದೆವು. ನೆಗೆಣ್ಣಿ ಹಿಂದಿನಿಂದ ತಬ್ಬಿ ಹಿಡಿದಳು. ವಿದ್ಯಾರ್ಥಿನಿ ಗ್ಲೂಕೋಸ್ ಪುಡಿಯ ಪೊಟ್ಟಣ ಒಡೆದು ನೀರಿಗೆ ಹಾಕುವಷ್ಟರಲ್ಲಿ ದೊಡ್ಡಕ್ಕ ಕೈ ಬೀಸಿದಳು, ಉಳಿದ ಪುಡಿಯೆಲ್ಲ ಮಣ್ಣುಪಾಲಾಯಿತು. ಲೋಟದಲ್ಲಿ ಕದಡಿದ್ದಷ್ಟೇ ಉಳಿದದ್ದು. ನುಂಗುತ್ತಾಳೋ ಇಲ್ಲವೋ ಎಂದು ಮೊದಲು ಒಂದು ಗುಟುಕು ಹಾಕಿ ನೋಡಿದೆ. ಉಗುಳಿದಳು. ಎರಡನೆಯದನ್ನು ನುಂಗಿದಳು. ಲೋಟ ಬರಿದಾಗುವ ತನಕ ಗುಟುಕು ಗುಟುಕಾಗಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ ನಡುಕ ನಿಂತು ಕಣ್ಣು ನಮ್ಮ ಮೇಲೆ ನೆಟ್ಟಿತು.

"ಯಾಕ ಹಿಂಗ ಹಿಡಕೊಂಡಿ ನನ್ನ? ಬಿಡು," ಎಂದಳು ನೆಗೆಣ್ಣಿಗೆ.

ನೆಗೆಣ್ಣಿ ಗೊಳ್ಳೆಂದು ಅತ್ತುಬಿಟ್ಟಳು.

ಉಳಿದವರ ಪರೀಕ್ಷೆ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳುಹಿಸಿದೆ. ದೊಡ್ಡಕ್ಕನನ್ನು ಊರಿನ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ವೈದ್ಯರು ನೋಡಿ, ಈ ಗುಳಿಗೆಯ ಪ್ರಭಾವ ದಿನವಿಡೀ ಇರುತ್ತದೆ, ಈಗ ಏರಿದ ಸಕ್ಕರೆ ಮತ್ತೆ ಇಳಿಯುತ್ತದೆ, ಕಲಬುರಗಿಯಲ್ಲಿ ಒಂದು ದಿನ ಇಟ್ಟು ನೋಡುವುದು ಒಳ್ಳೆಯದು ಎಂದರು. ಆಂಬುಲೆನ್ಸ್ ಹೆರಿಗೆಯವರನ್ನು ಕರೆದುಕೊಂಡು ಹೋಗಿತ್ತು. "ನಿಮ್ಮ ಕಾರ್ ಅದ ಅಲ್ಲ, ಕಾಯಬ್ಯಾಡ್ರಿ, ಹೊರಡ್ರಿ. ದಾರ್ಯಾಗ ತಿನ್ನಿಸ್ಕೋತ ಹೋಗ್ರಿ. ಏನೂ ತಿನ್ನಿಸದೆ ಮಲಗಿಸಬ್ಯಾಡ್ರಿ," ಎಂದು ಎರಡು ಸಲ ಹೇಳಿ ಕಳುಹಿಸಿದರು.

ಕಾರಿನ ಹಿಂದಿನ ಸೀಟಿನಲ್ಲಿ ದೊಡ್ಡಕ್ಕ ನಡುವೆ, ಒಂದು ಬದಿ ನಾನು, ಇನ್ನೊಂದು ಬದಿ ನೆಗೆಣ್ಣಿ. ವಿದ್ಯಾರ್ಥಿನಿ ಮುಂದೆ ಕೂತಳು. ಹೊರಡುವಾಗ ಯಾರೋ ನೆಗೆಣ್ಣಿಯ ಉಡಿಗೆ ಕಮಲಾಪುರದ ಕೆಂಪು ಬಾಳೆಹಣ್ಣು ಹಾಕಿದ್ದರು. ಊರು ದಾಟುತ್ತಲೇ ನಾನು ಒಂದನ್ನು ಸುಲಿದು ಕೊಟ್ಟೆ.

ದೊಡ್ಡಕ್ಕ ಅದನ್ನು ನೋಡಿದಳು. ನನ್ನನ್ನು ನೋಡಿದಳು.

"ನಂಗ ಆಗಳೇ ಏನ್ ಕುಡಿಸಿದ್ರಿ?"

"ಗ್ಲೂಕೋಸ್ ನೀರು."

"ಅದು ನೀರಿನ ಲೆಕ್ಕ. ನಡೀತದ. ಹಣ್ಣು ನಡ್ಯಂಗಿಲ್ರೀ."

"ನೀರಾಗಿಂದು ತೀರಿತು, ಊರಿನ ದವಾಖಾನ್ಯಾಗೂ ಪುಡಿ ಸಿಗ್ಲಿಲ್ಲ. ಈಗ ಹಣ್ಣೇ ತಿನ್ನಬೇಕು. ಇಲ್ಲಂದ್ರ ಮತ್ತ ಹಂಗೇ ಆಗ್ತದ."

"ಆದ್ರ ಆಗ್ಲಿ."

ಆಕೆಯ ಅತ್ತೆ ಸಾಯುವ ಮೊದಲು ಈ ಶ್ರಾವಣದ ಸೋಮವಾರಗಳನ್ನು ಆಕೆಗೆ ಒಪ್ಪಿಸಿ ಹೋಗಿದ್ದರಂತೆ. "ಮನೀನೂ ಕೊಡ್ತೀನಿ, ಇದನ್ನೂ ಕೊಡ್ತೀನಿ, ಮುರೀಬ್ಯಾಡ," ಎಂದಿದ್ದರಂತೆ. ಅಂದಿನಿಂದ ಒಂದೂ ಮುರಿದಿಲ್ಲ. ಬಾಣಂತನದಲ್ಲೂ ಬಿಟ್ಟಿಲ್ಲ, ಜ್ವರದಲ್ಲೂ ಬಿಟ್ಟಿಲ್ಲ. ಇದನ್ನು ಆಕೆ ಜಂಬದಿಂದ ಹೇಳಲಿಲ್ಲ, ನಾನು ನನ್ನ ಊಟದ ವೇಳೆ ಹೇಳುವಷ್ಟೇ ಸಹಜವಾಗಿ ಹೇಳಿದಳು.

ನಾನು ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಗುಳಿಗೆ ಏನು ಮಾಡುತ್ತದೆ, ಮೆದುಳಿಗೆ ಸಕ್ಕರೆ ಏಕೆ ಬೇಕು, ಕಾಲು ಎಷ್ಟು ಎಳೆದುಕೊಳ್ಳುತ್ತದೆ. ತರಗತಿಯಲ್ಲಿ ಹೇಳಿದರೆ ಎಲ್ಲರೂ ತಲೆದೂಗುವ ಮಾತುಗಳು. ದೊಡ್ಡಕ್ಕ ಕಿಟಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡಳು.

"ನೀವು ಹೇಳೋದು ಖರೇ ಅದ ಅಕ್ಕೋರೇ. ನಾ ಸುಳ್ಳ ಅಂತ ಅಂದಿಲ್ಲ," ಎಂದಳು. ಹಣ್ಣನ್ನು ಮುಟ್ಟಲಿಲ್ಲ.

ನಾನು ಆಕೆಯ ಮಣಿಕಟ್ಟು ಬಿಡಲಿಲ್ಲ. ರಸ್ತೆ ಚೆನ್ನಾಗಿತ್ತು, ಆದರೂ ಎದುರಿಗೆ ಲಾರಿಗಳ ಸಾಲು, ಚಾಲಕನಿಗೆ ಬೇಕಾದಷ್ಟು ವೇಗವಾಗಿ ಹೋಗಲಾಗುತ್ತಿರಲಿಲ್ಲ. ನಾಡಿ ಏರತೊಡಗಿತ್ತು. ಮೇಲ್ತುಟಿಯ ಮೇಲೆ ಹನಿ ಹನಿ ಬೆವರು ಮೂಡಿತು. ಆಕೆ ಮಾತಿನ ನಡುವೆ ಒಮ್ಮೆ ನಿಂತಳು, ಮುಂದಿನ ಶಬ್ದ ಹುಡುಕಿದಳು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಮತ್ತೆ ಇಳಿಯುತ್ತಿದೆ. ಪ್ರಜ್ಞೆ ಇರುವ ತನಕ ಆಕೆಯ ಬಾಯಿಗೆ ಬಲವಂತದಿಂದ ತುರುಕುವ ಹಕ್ಕು ನನಗಿಲ್ಲ. ಪ್ರಜ್ಞೆ ಹೋದ ಮೇಲೆ ತುರುಕಿದರೆ ಉಸಿರಿಗೆ ಅಡ್ಡವಾಗುತ್ತದೆ. ನಡುವೆ ಉಳಿದದ್ದು ಸ್ವಲ್ಪ ಹೊತ್ತು ಮಾತ್ರ.

"ಮೇಡಂ, ನಾ ಬರೋಬ್ಬರಿ ಕೇಳಿದ್ರ ಹಿಂಗ ಆಗ್ತಿರ್ಲಿಲ್ಲ," ಎಂದು ಮುಂದಿನ ಸೀಟಿನಿಂದ ವಿದ್ಯಾರ್ಥಿನಿ ಬಿಕ್ಕಿದಳು.

"ಅಳೋದು ಆಮೇಲೆ ಇಟ್ಕೋ. ಆಸ್ಪತ್ರೆಗೆ ಫೋನ್ ಹಚ್ಚು, ನಾವು ಬರ್ಲಾಕತ್ತೀವಿ ಅಂತ ಹೇಳು," ಎಂದೆ.

ಆಗ ನೆಗೆಣ್ಣಿ ಸೀಟಿನ ಮೇಲೆ ಪೂರ್ತಿ ತಿರುಗಿ ಕೂತಳು.

"ಯಕ್ಕಾ, ಒಪ್ಪತ್ತು ನಿಂದಲ್ಲ, ಮನೀದು. ಮನ್ಯಾಗ ಯಾರರ ಒಬ್ರು ಹಿಡದ್ರ ಆತು. ಅತ್ತಿ ನಿನ್ಗ ಕೊಟ್ಟಂಗ ನೀ ನಂಗ ಕೊಡು. ನಾ ಹಿಡೀತೀನಿ."

ದೊಡ್ಡಕ್ಕ ಅವಳ ಕಡೆ ತಿರುಗಿದಳು.

"ಮುಂಜಾನೆ ಏನ್ ತಿಂದಿ ನೀ?"

ನೆಗೆಣ್ಣಿ ಉಡಿಯ ಹಣ್ಣುಗಳನ್ನು ಸರಿಪಡಿಸತೊಡಗಿದಳು.

"ಕೇಳ್ಲಾಕತ್ತೀನಿ."

"ಸುಸ್ಲಾ," ಎಂದಳು, ಎಂದರೆ ಒಗ್ಗರಣೆ ಹಾಕಿದ ಮಂಡಕ್ಕಿ.

"ಸುಸ್ಲಾ ಒಂದೇನಾ?"

"ಮಿರ್ಚಿ ಭಜಿ."

"ಎಷ್ಟು?"

"ಅದನ್ನೊಂದು ಕೇಳಬ್ಯಾಡವ್ವಾ."

"ಆಮೇಲೆ ಬಯಲಾಗ ನಿಂತು ಏನ್ ಜಗಿಲಾಕತ್ತಿದ್ದಿ?"

"ಪೇರಲಹಣ್ಣು," ಎಂದಳು ನೆಗೆಣ್ಣಿ, ಗಲ್ಲ ಒರೆಸಿಕೊಳ್ಳುತ್ತ.

ಚಾಲಕ ನಗು ತಡೆಯಲಾರದೆ ಕೆಮ್ಮಿದ. ದೊಡ್ಡಕ್ಕನ ತುಟಿಯೂ ಸ್ವಲ್ಪ ಅಲುಗಿತು, ಆದರೆ ಆಕೆ ಆಗದೆಂದು ತಲೆಯಾಡಿಸಿದಳು. ಎರಡು ಸಲ ತಿಂದ ಬಾಯಿಗೆ ಒಪ್ಪತ್ತು ಕೊಡಲು ಬರುವುದಿಲ್ಲ.

"ನಾ ಹಿಡೀತಿದ್ದೆ ಯವ್ವಾ," ಎಂದಳು ವಿದ್ಯಾರ್ಥಿನಿ, "ಆದ್ರ ನಾ ಮುಟ್ಟಾಗೀನಿ. ನಿಮಗ ನಡೀತದೇನು?"

"ಇಲ್ಲವ್ವಾ. ನಮ್ಮತ್ತಿ ಒಪ್ಪತಿದ್ದಿಲ್ಲ."

ಚಾಲಕನ ಎದುರಿಗೇ ವಿದ್ಯಾರ್ಥಿನಿ ತನ್ನ ಮುಟ್ಟಿನ ಮಾತು ಹೇಳಿದಳು, ದನಿ ತಗ್ಗಿಸಲಿಲ್ಲ. ನಾನು ಮೊದಮೊದಲು ಪರೀಕ್ಷೆಗಾಗಿ ಮುಟ್ಟಿನ ಬಗ್ಗೆ ಕೇಳುತ್ತಿದ್ದಾಗ ಹೆಂಗಸರು ಉತ್ತರ ಕೊಡದೆ ಎದ್ದು ಹೋಗುತ್ತಿದ್ದರು. ಅತ್ತೆಯ ನಿಯಮ ನನಗೆ ಒಪ್ಪಿಗೆಯಿಲ್ಲ, ಆದರೆ ಅದರ ಬಗ್ಗೆ ವಾದ ಮಾಡುವ ಹೊತ್ತು ಅದಾಗಿರಲಿಲ್ಲ. ದೊಡ್ಡಕ್ಕನ ಬೆರಳುಗಳು ನನ್ನ ಕೈಯಲ್ಲಿ ಸಣ್ಣಗೆ ನಡುಗುತ್ತಿದ್ದವು.

"ನಾನು ಹಿಡೀತೀನಿ," ಎಂದೆ.

"ನೀವಾ?"

"ನಾನೇ."

"ನೀವು ನಮ್ಮ ಮನ್ಯಾಗಿನವ್ರಲ್ಲ."

"ನಿಮ್ಮ ಮನ್ಯಾಗಿನವ್ರು ಭಜಿ ತಿಂದಾರ."

ಈ ಸಲ ಆಕೆ ನಿಜವಾಗಿ ನಕ್ಕಳು. ಕೂಡಲೇ ಮುಖ ಬಿಗಿ ಮಾಡಿಕೊಂಡು ಪರೀಕ್ಷೆಗೆ ಇಳಿದಳು. ನಾನು ಇಷ್ಟು ವರ್ಷ ಹೊಲದ ಬದಿಯಲ್ಲಿ, ಮಿಲ್ಲಿನ ಅಂಗಳದಲ್ಲಿ ಸಾವಿರ ಸಲ ಕೇಳಿದ ಪ್ರಶ್ನೆಗಳನ್ನು ಈಗ ಆಕೆ ನನಗೆ ಕೇಳಿದಳು, ಏನು ತಿಂದಿರಿ, ಯಾವಾಗ ತಿಂದಿರಿ.

"ಹೊರಡೋ ಮೊದಲು ಉಪ್ಪಿಟ್ಟು. ಆಮೇಲೆ ಏನೂ ಇಲ್ಲ."

"ಚಾ?"

"ನಾ ಚಾ ಕುಡಿಯಂಗಿಲ್ಲ."

"ಹಂಗಾದ್ರ ಉಪ್ಪಿಟ್ಟೇ ನಿಮ್ಮ ಒಂದು ಹೊತ್ತು. ಇನ್ನ ನಾಳೆ ಸೂರ್ಯ ಹುಟ್ಟೋತನಕ ನೀರು ಬಿಟ್ಟು ಏನೂ ಮುಟ್ಟಬಾರದು. ನೆಪ ಹೇಳಬಾರದು."

"ಹೇಳಂಗಿಲ್ಲ."

"ಕೈ ಮುಂದ ಮಾಡ್ರಿ."

ಅಂಗೈ ಚಾಚಿದೆ. ಆಕೆ ನೀರಿನ ಬಾಟಲಿಯಿಂದ ಒಂದು ಗುಟುಕು ಸುರಿದಳು. ಕೈ ನಡುಗಿ ಅರ್ಧ ನನ್ನ ಸೀರೆಗೆ ಬಿತ್ತು. ಕುಡಿಯಿರಿ ಎಂದಳು, ಕುಡಿದೆ. ತನ್ನ ಹಣೆಯ ವಿಭೂತಿಯನ್ನು ಬೆರಳಿಗೆ ತೆಗೆದುಕೊಂಡು ನನ್ನ ಹಣೆಗೆ ಹಚ್ಚಿದಳು. ವ್ರತ ನೇಮ ಎಂದು ಮಾಡಿದವಳಲ್ಲ ನಾನು. ಆದರೆ ಆ ಹೊತ್ತಿಗೆ ಆಕೆಯ ನಾಡಿಯ ಮೇಲೆ ನನ್ನ ಇನ್ನೊಂದು ಕೈ ಇತ್ತು, ಅದು ಹಾರುತ್ತಿದ್ದ ಪರಿ ಗೊತ್ತಾಗುತ್ತಿತ್ತು. ಬೇಕೆಂದಿದ್ದರೆ ತಿಂಗಳ ಉಪವಾಸಕ್ಕೂ ಒಪ್ಪುತ್ತಿದ್ದೆ.

"ಯತ್ತೀ, ಇವತ್ತಿಂದು ಅಕ್ಕೋರ ಕೈಯಾಗ ಕೊಟ್ಟೀನಿ. ಇವತ್ತಿಂದಷ್ಟೇ ಮತ್ತ," ಎಂದು ದೊಡ್ಡಕ್ಕ ಕಾರಿನ ಚಾವಣಿಗೆ ಹೇಳಿ, ಹಣ್ಣಿಗೆ ಕೈ ಚಾಚಿದಳು.

ಎರಡು ಹಣ್ಣು ತಿಂದಳು. ಮೂರನೆಯದನ್ನು ನೆಗೆಣ್ಣಿ ಮುರಿದು ಮುರಿದು ಬಾಯಿಗಿಟ್ಟಳು. ನಗರದ ಹೊರವಲಯ ಬರುವ ಹೊತ್ತಿಗೆ ನಡುಕ ತಗ್ಗಿ, ಬೆವರು ಆರಿತ್ತು. ಆಟೋ, ಸಿಟಿ ಬಸ್ಸುಗಳ ನಡುವೆ ಕಾರು ಕುಂಟುತ್ತ ಹೋಗುವಾಗ ಆಕೆ ಚಾಲಕನಿಗೆ ದಾರಿ ಹೇಳತೊಡಗಿದಳು. ಆ ದಾರಿ ತಪ್ಪಾಗಿತ್ತು, ಆದರೆ ನನಗೆ ಬಹಳ ಸಮಾಧಾನವಾಯಿತು.

ಆಸ್ಪತ್ರೆಯಲ್ಲಿ ಹಾಸಿಗೆ ಸಿದ್ಧವಿತ್ತು. ಕೈಗೆ ಸಲಾಯಿನ್ ಹಚ್ಚಿದರು. ಅದು ನೀರಿನ ಲೆಕ್ಕವೇ ಎಂದು ಆಕೆ ಕೇಳಲಿಲ್ಲ, ಈಗ ಆಕೆಗೆ ಅದರ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ನನ್ನ ಮೇಲೆ. ಚಾಲಕ ನನ್ನ ಊಟದ ಡಬ್ಬಿ ತಂದುಕೊಟ್ಟಾಗ ಹಾಸಿಗೆಯಿಂದಲೇ ತಲೆ ಎತ್ತಿ, "ಅಕ್ಕೋರೇ!" ಎಂದಳು. ಡಬ್ಬಿಯನ್ನು ಚಾಲಕನಿಗೇ ಕೊಟ್ಟೆ. ಆತ ವರಾಂಡದಲ್ಲಿ ಕೂತು ನನ್ನ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡ. ವಾಸನೆ ಒಳಗೆ ಬರುತ್ತಿತ್ತು.

ಮಧ್ಯಾಹ್ನ ಒಮ್ಮೆ ಸಕ್ಕರೆ ಇಳಿಯಿತು, ಮತ್ತೆ ಏರಿಸಿದರು. ಅಲ್ಲಿನ ವೈದ್ಯೆ ಗುಳಿಗೆ ಬದಲಿಸುವುದಾಗಿ ಹೇಳಿ, ಉಪವಾಸದ ದಿನ ಏನು ಮಾಡಬೇಕೆಂದು ದೊಡ್ಡಕ್ಕನನ್ನೂ ನೆಗೆಣ್ಣಿಯನ್ನೂ ಕೂರಿಸಿ ತಿಳಿಸಿದರು. ನೆಗೆಣ್ಣಿ ಪ್ರತಿ ಮಾತಿಗೂ "ಹೌದ್ರೀ" ಎಂದಳು. ಅರ್ಥವಾಯಿತೇ ಎಂದು ನಾನು ಕೇಳಲಿಲ್ಲ. ಏನು ಅರ್ಥವಾಯಿತು, ಹೇಳು ಎಂದೆ. ತಡವರಿಸಿದಳು, ಎರಡನೆಯ ಸಲ ಸರಿಯಾಗಿ ಹೇಳಿದಳು.

ವಿದ್ಯಾರ್ಥಿನಿ ವರಾಂಡದ ಬೆಂಚಿನ ಮೇಲೆ ಕೂತಿದ್ದಳು. ಸಂಶೋಧನೆ ಇಲ್ಲಿಗೇ ನಿಲ್ಲಿಸಬೇಕೇ ಎಂದು ಕೇಳಿದಳು. ನಿಲ್ಲುವುದು ಬಿಡುವುದು ನನ್ನ ಕೈಯಲ್ಲಿಲ್ಲ, ನಡೆದದ್ದನ್ನು ನಡೆದ ಹಾಗೆ ಸಮಿತಿಗೆ ತಿಳಿಸಬೇಕು, ಅವರು ಹೇಳಿದಂತೆ ಮಾಡಬೇಕು ಎಂದೆ. ಶ್ರಾವಣ ಮುಗಿಯುವ ತನಕ ಕಮಲಾಪುರದಲ್ಲಿ ಯಾರನ್ನೂ ನಡೆಸಕೂಡದು. ಅವಳು ಮುಖ ತೊಳೆದುಕೊಂಡು ಬಂದಳು, ರಾತ್ರಿ ದೊಡ್ಡಕ್ಕನ ಜೊತೆ ತಾನೇ ಇರುತ್ತೇನೆಂದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ದೊಡ್ಡಕ್ಕ ಹಾಸಿಗೆಯ ಮೇಲೆ ಕೂತು ಕಣ್ಣು ಮುಚ್ಚಿ ಪೂಜೆ ಮುಗಿಸಿ, ನೆಗೆಣ್ಣಿ ತಂದ ಅನ್ನ ಸಾರು ಉಂಡಳು. ಸಕ್ಕರೆ ಸರಿಯಾಗಿ ನಿಂತಿತ್ತು. ನಾನು ಹೊರಟಾಗ ಬಾಗಿಲಿನ ತನಕ ಆಕೆಯ ದನಿ ಹಿಂಬಾಲಿಸಿತು.

"ನಾಳೆ ಸೂರ್ಯ ಹುಟ್ಟೋತನಕ್ರೀ ಮತ್ತ!"

ಮನೆಯಲ್ಲಿ ನನ್ನ ಜೊತೆಗಿರುವ ತಂಗಿ ತಾಟು ಹಾಕಿದಳು. ಇವತ್ತು ಬೇಡ ಎಂದೆ. ನಲವತ್ತು ವರ್ಷದಿಂದ ಗಡಿಯಾರ ನೋಡಿ ಉಣ್ಣುವ ನನ್ನನ್ನು ಅವಳು ಹಣೆಯ ವಿಭೂತಿಯ ಸಮೇತ ನೋಡಿದಳು, ತಾಟು ಎತ್ತಿಟ್ಟಳು. ಆಸ್ಪತ್ರೆಗೆ ಫೋನ್ ಮಾಡಿದೆ. ದೊಡ್ಡಕ್ಕ ಮಲಗಿದ್ದಾಳೆ, ಸಕ್ಕರೆ ಹಾಗೇ ನಿಂತಿದೆ, ನೆಗೆಣ್ಣಿ ಗೊರಕೆ ಹೊಡೆಯುತ್ತಿದ್ದಾಳೆ ಎಂದು ವಿದ್ಯಾರ್ಥಿನಿ ಹೇಳಿದಳು. ಹೊಟ್ಟೆ ಬಹಳ ಹಸಿದಿತ್ತು. ಒಂದು ಲೋಟ ನೀರು ಕುಡಿದೆ. ಅಡುಗೆಮನೆಗೆ ಹೋಗಿ ನಾಳೆ ಬೆಳಗಿನ ಉಪ್ಪಿಟ್ಟಿಗೆ ರವೆ ಅಳೆದಿಟ್ಟೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹೆಚ್ಚಿ ಮುಚ್ಚಿಟ್ಟೆ, ಒಲೆಯ ಮೇಲೆ ಬಾಣಲೆ ಇಟ್ಟು ದೀಪ ಆರಿಸಿದೆ.